ಏನೂ ಇಲ್ಲದ ಸ್ಲೈಡಿಗೆ ಎಷ್ಟು ಅಂಕ?

ಮೈಕ್ರೋಬಯಾಲಜಿ ಪ್ರಾಕ್ಟಿಕಲ್‌ನಲ್ಲಿ ಎಂಬಿಬಿಎಸ್ ಮಕ್ಕಳು ಹೆದರುವುದು ವೈವಾಕ್ಕೆ, ನೆಚ್ಚಿಕೊಳ್ಳುವುದು ಸ್ಪಾಟರ್‌ಗಳನ್ನು. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಮೈಕ್ರೋಸ್ಕೋಪುಗಳು, ನಡುವೆ ಅಲ್ಲಲ್ಲಿ ಫಾರ್ಮಲಿನ್ ತುಂಬಿದ ಗಾಜಿನ ಜಾಡಿಗಳು. ಪಕ್ಕದಲ್ಲೊಂದು ಚೀಟಿ: ಗುರುತಿಸಿ, ಎರಡು ಲಕ್ಷಣ ಬರೆಯಿರಿ, ಇದರಿಂದ ಬರುವ ರೋಗ ಯಾವುದು. ಗಂಟೆ ಬಾರಿಸಿದ ಕೂಡಲೇ ಮುಂದಿನ ಮೈಕ್ರೋಸ್ಕೋಪಿಗೆ ಸರಿಯಬೇಕು. ಫೋಕಸ್ ಮಾಡಿಟ್ಟದ್ದನ್ನು ಮುಟ್ಟುವಂತಿಲ್ಲ. ಕಣ್ಣಿಟ್ಟರೆ ಪಾಯಿಂಟರಿನ ತುದಿಯಲ್ಲಿ ಕಂದು ಬಣ್ಣದ, ಅಂಚೆಲ್ಲ ಉಬ್ಬುತಗ್ಗಾದ ಒಂದು ಮೊಟ್ಟೆ. ಜಂತುಹುಳುವಿನದು. ಮುಂದಿನದು ಪೀಪಾಯಿ ಆಕಾರದ್ದು, ಎರಡೂ ತುದಿಗೆ ಬಿರಡೆ ಇರುವಂಥದ್ದು, ಅಂದರೆ ಟ್ರೈಕ್ಯೂರಿಸ್. ಅದರಾಚೆ ಬಾಗಿ ಮಲಗಿದ ಫಾಲ್ಸಿಪ್ಯಾರಂ ಗ್ಯಾಮಿಟೋಸೈಟ್.

ಚಾಲಾಕಿ ಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದಿರುತ್ತಾರೆ. ಡಿಪಾರ್ಟ್‌ಮೆಂಟಿನ ಸ್ಲೈಡುಗಳು ವರ್ಷದಿಂದ ವರ್ಷಕ್ಕೆ ಅವೇ. ಮೂಲೆ ಒಡೆದದ್ದು ಲಾಡಿಹುಳುವಿನ ಮೊಟ್ಟೆ, ಬಣ್ಣ ಮಾಸಿ ತಿಳಿಗುಲಾಬಿಯಾಗಿರುವುದು ವೈವ್ಯಾಕ್ಸ್, ಕಪ್ಪು ಮುಚ್ಚಳದ ಜಾಡಿ ಹೈಡಾಟಿಡ್ ಎಂಬ ಜ್ಞಾನ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಹಾಸ್ಟೆಲ್ಲಿನಲ್ಲೇ ದಾಟಿಬಿಡುತ್ತದೆ. ಅಂಥವನಿಗೆ ಹತ್ತಕ್ಕೆ ಹತ್ತು ಬಂದರೆ ನಾವು ಅಳೆದದ್ದು ಗಾಜಿನ ಬಿರುಕು ಗುರುತಿಸುವ ಶಕ್ತಿಯನ್ನು, ಅಷ್ಟೆ. ಆದರೆ ಸ್ಪಾಟರಿನ ದೊಡ್ಡ ದೋಷ ಇದಲ್ಲ. ಸ್ಲೈಡು ಹೊಸದಿರಲಿ, ಹುಡುಗ ಪ್ರಾಮಾಣಿಕನಿರಲಿ, ಆಗಲೂ ಉಳಿಯುವ ದೋಷ ಒಂದಿದೆ: ಆ ಇಡೀ ಸಾಲಿನಲ್ಲಿ ಏನೂ ಇಲ್ಲದ ಸ್ಲೈಡು ಒಂದೂ ಇರುವುದಿಲ್ಲ.

ಆಸ್ಪತ್ರೆಯ ಲ್ಯಾಬಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಜ್ವರವೆಂದು ಬಂದವರ ರಕ್ತಲೇಪನಗಳಲ್ಲಿ ಬಹುಪಾಲಿನಲ್ಲಿ ಮಲೇರಿಯಾ ಇರುವುದೇ ಇಲ್ಲ. ಇದ್ದರೂ ಪಾಯಿಂಟರ್ ಇಟ್ಟು ತೋರಿಸುವವರಿಲ್ಲ. ದಪ್ಪ ಲೇಪನವನ್ನು ಆಯಿಲ್ ಇಮ್ಮರ್ಷನ್ ಲೆನ್ಸಿನಡಿ ಕನಿಷ್ಠ 100 ಫೀಲ್ಡ್ ನೋಡದೆ ‘ಇಲ್ಲ’ ಎಂದು ಬರೆಯಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ. ನೂರು ಫೀಲ್ಡ್ ಎಂದರೆ ನೂರು ಸಲ ಸ್ಲೈಡನ್ನು ಕೂದಲೆಳೆಯಷ್ಟು ಸರಿಸಿ, ನೂರು ಸಲ ಫೋಕಸ್ ತಿದ್ದಿ ನೋಡುವುದು. ಕಲ್ಲನ್ನು ಅಂಗೈ ಮೇಲಿಟ್ಟು ಇದೇನು ಎಂದರೆ ಮಗುವೂ ಹೇಳುತ್ತದೆ. ಮೊರದ ತುಂಬ ಅಕ್ಕಿ ಕೊಟ್ಟು, ಕಲ್ಲಿದೆಯೋ ಇಲ್ಲವೋ ನೀನೇ ನೋಡಿ ಹೇಳು ಎನ್ನುವುದು ಬೇರೆಯೇ ಕೆಲಸ. ಪರೋಪಜೀವಿ ಶಾಸ್ತ್ರದಲ್ಲಿ ನಾವು ವಿದ್ಯಾರ್ಥಿಗಳನ್ನು ಅಳೆಯುತ್ತಿರುವುದು ಮೊದಲನೆಯದರಲ್ಲಿ, ಅವರಿಂದ ನಿರೀಕ್ಷಿಸುತ್ತಿರುವುದು ಎರಡನೆಯದನ್ನು.

ಇದರಿಂದ ಏನು ಕೆಡುತ್ತದೆ ಎಂಬುದು ಸಣ್ಣ ಲೆಕ್ಕದಲ್ಲೇ ಗೊತ್ತಾಗುತ್ತದೆ. ಪರೋಪಜೀವಿ ಇರುವ ಸ್ಲೈಡುಗಳಲ್ಲಿ ಶೇ 90ನ್ನು ಸರಿಯಾಗಿ ಹಿಡಿಯುವ, ಇಲ್ಲದ ಸ್ಲೈಡುಗಳಲ್ಲೂ ಶೇ 90ನ್ನು ಸರಿಯಾಗಿ ‘ಇಲ್ಲ’ ಎನ್ನುವ ಒಬ್ಬ ವಿದ್ಯಾರ್ಥಿ ಇದ್ದಾನೆ ಎನ್ನಿ. ಯಾವ ಕಾಲೇಜಿನಲ್ಲೂ ಅವನಿಗೆ ಡಿಸ್ಟಿಂಕ್ಷನ್. ಅವನ ಮುಂದೆ 1,000 ಸ್ಲೈಡು ಇಡಿ, ಅದರಲ್ಲಿ 50 ಮಾತ್ರ ಪಾಸಿಟಿವ್ ಇರಲಿ. ಐವತ್ತರಲ್ಲಿ 45 ಹಿಡಿಯುತ್ತಾನೆ. ಉಳಿದ 950ರಲ್ಲಿ 95ನ್ನು ತಪ್ಪಾಗಿ ಪಾಸಿಟಿವ್ ಎನ್ನುತ್ತಾನೆ. ಅಂದರೆ ಅವನು ಸಹಿ ಹಾಕಿ ಕಳಿಸಿದ 140 ಪಾಸಿಟಿವ್ ವರದಿಗಳಲ್ಲಿ ಮೂರರಲ್ಲಿ ಎರಡು ಪಾಲು ಸುಳ್ಳು. ಇವನ ದೌರ್ಬಲ್ಯ ಇರುವುದು ‘ಇಲ್ಲ’ ಎನ್ನಲಾಗದ ಕಡೆ. ನಮ್ಮ ಸ್ಪಾಟರ್ ಸಾಲು ಅದನ್ನು ಮುಟ್ಟಿಯೂ ನೋಡುವುದಿಲ್ಲ.

ಲೆಕ್ಕ ಕಾಗದದ ಮೇಲಿನದು ಎನ್ನುವವರಿಗೆ ಅಮೆರಿಕದ ಒಂದು ಪ್ರಕರಣ ಇದೆ. 1983ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಲಾಸ್ ಏಂಜಲೀಸ್ ಕೌಂಟಿಯ ಒಂದೇ ಲ್ಯಾಬಿನಿಂದ 38 ಜನರಿಗೆ ಕರುಳಿನ ಅಮೀಬಿಯಾಸಿಸ್ ಎಂಬ ವರದಿ ಹೋಯಿತು. ಆ ಲ್ಯಾಬಿಗೆ ಅದು ವಿಪರೀತ ಸಂಖ್ಯೆ. ಆರೋಗ್ಯ ಇಲಾಖೆ ಸೋಂಕಿನ ಮೂಲ ಹುಡುಕಲು ಹೊರಟಿತು. ಜೊತೆಗೇ ಆ ಸ್ಲೈಡುಗಳನ್ನು ಬೇರೆಯವರಿಂದ ಮತ್ತೆ ನೋಡಿಸಿತು. ನಿಜವಾಗಿ ಅಮೀಬಾ ಇದ್ದದ್ದು ಇಬ್ಬರಲ್ಲಿ. ಉಳಿದವರ ಸ್ಲೈಡಿನಲ್ಲಿ ಹೆಚ್ಚಾಗಿ ಕಂಡದ್ದು ಮಲದಲ್ಲಿನ ಬಿಳಿ ರಕ್ತಕಣಗಳು. ಅಲ್ಲಿ ಸಾಂಕ್ರಾಮಿಕವೇ ಇರಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕುಳಿತವರ ಕಣ್ಣಿನಲ್ಲಿ ಹುಟ್ಟಿದ ಸಾಂಕ್ರಾಮಿಕ ಅದು.

ನಮ್ಮಲ್ಲಿ ಆಮಶಂಕೆ ಎಂದ ಕೂಡಲೇ ಮೆಟ್ರೋನಿಡಜೋಲ್ ಬರೆದುಕೊಡುವ ರೂಢಿ ಇರುವುದರಿಂದ ಇಂಥ ತಪ್ಪು ಬಯಲಿಗೆ ಬರುವುದೂ ಕಷ್ಟ. ಬ್ಯಾಕ್ಟೀರಿಯಾದಿಂದ ಬಂದ ಆಮಶಂಕೆಯಲ್ಲಿ ಮ್ಯಾಕ್ರೋಫೇಜ್ ಕಣಗಳು ಕೆಂಪು ರಕ್ತಕಣ ನುಂಗಿ ಥೇಟ್ ಅಮೀಬಾದಂತೆಯೇ ಕೂತಿರುತ್ತವೆ. ಕೆಂಪು ಕಣದ ಮೇಲೆ ಬಿದ್ದ ಪ್ಲೇಟ್‌ಲೆಟ್ ಮಲೇರಿಯಾ ಉಂಗುರದಂತೆ ಕಾಣುತ್ತದೆ. ಹೂವಿನ ಪರಾಗ ಹುಳುವಿನ ಮೊಟ್ಟೆಯಂತೆ, ತರಕಾರಿಯ ನಾರು ಹುಳುವಿನ ಮರಿಯಂತೆ ಕಾಣುತ್ತವೆ. ಪುಸ್ತಕಗಳಲ್ಲಿ ಇವಕ್ಕೆಲ್ಲ ಒಂದು ಪುಟ ಮೀಸಲಿರುತ್ತದೆ. ಪರೀಕ್ಷೆಯಲ್ಲಿ ಒಂದು ಸ್ಲೈಡೂ ಮೀಸಲಿರುವುದಿಲ್ಲ. ಪರೀಕ್ಷೆಯಲ್ಲಿ ಕೇಳದ್ದನ್ನು ಯಾರು ಓದುತ್ತಾರೆ?

ಸ್ಪಾಟರ್ ಬಿಟ್ಟರೆ ಇರುವುದು ಮಲ ಪರೀಕ್ಷೆಯ ಪ್ರಾಕ್ಟಿಕಲ್. ಮೂಗು ಮುಚ್ಚಿಕೊಂಡು ಮಾಡುವ ಈ ಪರೀಕ್ಷೆಯ ಮೇಲೆ ನನಗೆ ಹೆಚ್ಚು ಗೌರವ. ಸ್ಲೈಡಿನ ಒಂದು ಕಡೆ ಸಲೈನ್ ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ. ಕಡ್ಡಿಯ ತುದಿಯಲ್ಲಿ ಚೂರೇ ಚೂರು ಮಲ ತೆಗೆದು ಎರಡರಲ್ಲೂ ಕಲಸಬೇಕು. ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಿಸಿಕೊಳ್ಳುವಷ್ಟು ತೆಳುವಾಗಿರಬೇಕು. ಕವರ್‌ಸ್ಲಿಪ್ಪನ್ನು ಓರೆ ಹಿಡಿದು ಮೆಲ್ಲಗೆ ಇಳಿಸಬೇಕು, ಇಲ್ಲದಿದ್ದರೆ ಗಾಳಿಗುಳ್ಳೆ. ಆಮೇಲೆ ಒಂದು ಮೂಲೆಯಿಂದ ಹಿಡಿದು, ಗದ್ದೆ ಉತ್ತ ಹಾಗೆ, ಸಾಲು ಬಿಡದೆ ನೋಡುತ್ತ ಹೋಗಬೇಕು.

ಇಲ್ಲಿ ವಿದ್ಯಾರ್ಥಿ ನಿಜಕ್ಕೂ ಮೈಕ್ರೋಸ್ಕೋಪಿನ ಮುಂದೆ ಕೂತವನೋ, ಅಟ್ಲಾಸ್ ನೋಡಿಕೊಂಡು ಬಂದವನೋ ಎಂಬುದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಅವನ ಕೈ ಎಲ್ಲಿಗೆ ಹೋಗುತ್ತದೆ ನೋಡಿದರೆ ಸಾಕು. ಗೊತ್ತಿಲ್ಲದವನು ಬೆಳಕು ಜಾಸ್ತಿ ಮಾಡುತ್ತಾನೆ. ಗೊತ್ತಿದ್ದವನು ಕಂಡೆನ್ಸರ್ ಕೆಳಗಿಳಿಸಿ ಡಯಾಫ್ರಮ್ ಕಿರಿದು ಮಾಡುತ್ತಾನೆ. ಕೊಕ್ಕೆಹುಳುವಿನ ಮೊಟ್ಟೆಗೆ ಬಣ್ಣವಿಲ್ಲ, ಚಿಪ್ಪೂ ತೆಳು. ಪೂರ್ತಿ ಬೆಳಕಿನಲ್ಲಿ ಅದು ಕಣ್ಣೆದುರೇ ಮಾಯ. ಬೆಳಕು ತಗ್ಗಿಸಿದರೆ ಅಂಚು ಮೂಡುತ್ತದೆ, ಒಳಗಿನ ನಾಲ್ಕೋ ಎಂಟೋ ಕೋಶಗಳು, ಅವಕ್ಕೂ ಚಿಪ್ಪಿಗೂ ನಡುವಿನ ಖಾಲಿ ಜಾಗ ಎಲ್ಲ ಕಾಣುತ್ತವೆ. ಆದರೆ ಹೆಚ್ಚಿನ ಕಡೆ ಅಂಕ ಕೊಡುವುದು ಕೊನೆಗೆ ಬರೆದ ಉತ್ತರಕ್ಕೆ. ಕಂಡೆನ್ಸರಿನತ್ತ ಹೋದ ಕೈಯನ್ನು ನೋಡುವವರು ಇರುವುದಿಲ್ಲ, ಎಕ್ಸಾಮಿನರ್ ಆಗ ವೈವಾ ಮೇಜಿನಲ್ಲಿರುತ್ತಾರೆ.

ಕೈಯನ್ನು ನೋಡಿಯೇ ಅಂಕ ಕೊಡಬೇಕು ಎಂಬ ಆಲೋಚನೆ ಸ್ಕಾಟ್‌ಲೆಂಡಿನ ಡಂಡೀಯದು. ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ರೋಗಿಯ ಪರೀಕ್ಷೆಗೆ ಓಸ್ಕಿ ಎಂಬ ಕ್ರಮ ತಂದರು. ಪ್ರಯೋಗಶಾಲೆಯ ವಿಷಯಗಳಿಗೆ ಅದರ ತಮ್ಮನಾಗಿ ಓಸ್ಪಿ ಬಂತು. ಪ್ರತಿ ಸ್ಟೇಷನ್‌ನಲ್ಲಿ ಒಬ್ಬ ಪರೀಕ್ಷಕ, ಅವರ ಕೈಯಲ್ಲಿ ಚೆಕ್‌ಲಿಸ್ಟ್: ಗ್ಲೌಸ್ ಹಾಕಿದನೇ, ಹೆಸರು ಬರೆದನೇ, ಸಲೈನ್ ಮೊದಲು ನೋಡಿದನೇ. ನಮ್ಮ ಕಾಲೇಜುಗಳಲ್ಲೂ ಈಗ ಇದು ಇದೆ. ಚೆಕ್‌ಲಿಸ್ಟ್ ಒಳ್ಳೆಯದೇ, ಆದರೆ ಅದಕ್ಕೂ ಒಂದು ಚಾಳಿ ಉಂಟು. ಎಲ್ಲ ಹಂತಕ್ಕೂ ಟಿಕ್ ಬಿದ್ದು, ಮೊಟ್ಟೆ ಮಾತ್ರ ಸಿಗದೆ ಹೋದವನೂ ಎಂಟು ಅಂಕ ಎತ್ತಿಕೊಂಡು ಹೋಗುತ್ತಾನೆ. ಇನ್ನು ಪರೀಕ್ಷೆಗಿಡುವ ಮಲ ಫಾರ್ಮಲಿನ್ ಬೆರೆಸಿದ್ದು. ಅದರಲ್ಲಿ ಯಾವುದೂ ಚಲಿಸುವುದಿಲ್ಲ. ಸಲೈನ್ ಹನಿಯ ಮುಖ್ಯ ಉಪಯೋಗವೇ ಜೀವಂತ ಅಮೀಬಾದ ಚಲನೆ ನೋಡುವುದು. ಅತಿಸಾರದ ಮಲ ಅರ್ಧ ಗಂಟೆಯೊಳಗೆ ಲ್ಯಾಬಿಗೆ ಬರಬೇಕು ಎನ್ನುವುದೂ ಅದಕ್ಕೇ. ಈ ಆತುರ ಪರೀಕ್ಷಾ ಕೊಠಡಿಯಲ್ಲಿ ಯಾರಿಗೂ ತಾಗುವುದಿಲ್ಲ.

ಕೆಲವೊಮ್ಮೆ ಕೀ ಉತ್ತರವೇ ತಪ್ಪಿರುತ್ತದೆ. ನಾಲ್ಕು ನ್ಯೂಕ್ಲಿಯಸ್ಸಿನ ಅಮೀಬಾ ಸಿಸ್ಟ್ ತೋರಿಸಿದರೆ ಬರೆಯಬೇಕಾದ ಉತ್ತರ ‘ಎಂಟಮೀಬಾ ಹಿಸ್ಟೊಲಿಟಿಕಾ’ ಎಂದು ದಶಕಗಳ ರೂಢಿ. ಅದೇ ರೂಪದ, ಆದರೆ ರೋಗ ತಾರದ ಎಂಟಮೀಬಾ ಡಿಸ್ಪಾರ್ ಬೇರೆಯೇ ಜಾತಿ ಎಂದು ಡೈಮಂಡ್ ಮತ್ತು ಕ್ಲಾರ್ಕ್ 1993ರಲ್ಲಿ ಖಚಿತಪಡಿಸಿದರು. ಸಿಸ್ಟ್ ನೋಡಿ ಎರಡನ್ನೂ ಬೇರ್ಪಡಿಸಲಾಗದು. ‘ಇವೆರಡರಲ್ಲಿ ಒಂದು, ಯಾವುದೆಂದು ಈ ಸ್ಲೈಡಿನಿಂದ ಹೇಳಲಾಗದು’ ಎಂದು ಬರೆದ ವಿದ್ಯಾರ್ಥಿಯೇ ವಿಷಯ ಬಲ್ಲವನು. ಅವನಿಗೆ ಅರ್ಧ ಅಂಕ ಕಡಿತವಾಗುವ ಸಂಭವವೇ ಜಾಸ್ತಿ. ಲಾಡಿಹುಳುವಿನ ಮೊಟ್ಟೆಯ ಕಥೆಯೂ ಇದೇ. ಹಂದಿಮಾಂಸದಿಂದ ಬರುವುದೋ ದನದ ಮಾಂಸದಿಂದ ಬರುವುದೋ ಎಂದು ಮೊಟ್ಟೆ ಹೇಳುವುದಿಲ್ಲ.

ಬರಹದ ಪರೀಕ್ಷೆಯ ವಿಚಾರ ಇಷ್ಟು ರಸವತ್ತಾಗಿಲ್ಲ, ಬೇಗ ದಾಟುತ್ತೇನೆ. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಕಣ್ಣು ಮುಚ್ಚಿ ಗುರುತು ಹಾಕಿದರೂ ಸರಾಸರಿ ಶೇ 25 ಬರುತ್ತದೆ. ಹಾಗಾಗಿ ಪ್ರಶ್ನೆಗಳಿಗೂ ಪರೀಕ್ಷೆ ಇಡುವ ವಿಧಾನಗಳಿವೆ. ಹೆಚ್ಚು ಅಂಕ ಪಡೆದ ಶೇ 27 ಮತ್ತು ಕಡಿಮೆ ಪಡೆದ ಶೇ 27 ವಿದ್ಯಾರ್ಥಿಗಳನ್ನು ಬೇರೆ ಮಾಡಿ, ಆ ಪ್ರಶ್ನೆಗೆ ಯಾವ ಗುಂಪು ಎಷ್ಟು ಸರಿ ಉತ್ತರಿಸಿತು ಎಂದು ನೋಡುತ್ತಾರೆ. ಬಲ್ಲವರು ತಪ್ಪಿ, ಅರಿಯದವರು ಸರಿ ಬರೆದ ಪ್ರಶ್ನೆ ಕಂಡರೆ ಎಸೆಯಬೇಕಾದದ್ದು ಪ್ರಶ್ನೆಯನ್ನು. ಈ ಕೆಲಸಕ್ಕೆ ಒಂದು ಕಂಪ್ಯೂಟರ್, ಒಂದು ಮಧ್ಯಾಹ್ನ ಸಾಕು. ಮಾಡುವ ವಿಭಾಗಗಳು ಕಡಿಮೆ.

ಬದಲಿಗೆ ಎಲ್ಲರೂ ಮಾಡುವುದು ಪ್ರೀಟೆಸ್ಟ್–ಪೋಸ್ಟ್‌ಟೆಸ್ಟ್. ಹೊಸ ಬೋಧನಾ ವಿಧಾನ ಒಂದನ್ನು ತರುತ್ತಾರೆ, ಕ್ವಿಜ್ಜೋ, ಕೇಸ್ ಚರ್ಚೆಯೋ, ಮೊಬೈಲ್ ಆ್ಯಪ್ಪೋ. ತರಗತಿಗೆ ಮೊದಲು ಹತ್ತು ಪ್ರಶ್ನೆ, ತರಗತಿ ಮುಗಿದ ತಕ್ಷಣ ಅವೇ ಹತ್ತು ಪ್ರಶ್ನೆ. ಅಂಕ ಏರಿರುತ್ತದೆ. ಏರದೆ ಏನು ಮಾಡುತ್ತದೆ! ಒಂದು ಗಂಟೆ ಅದನ್ನೇ ಹೇಳಿಕೊಟ್ಟ ಮೇಲೂ ಏರದಿದ್ದರೆ ಆ ಮೇಷ್ಟ್ರು ರಾಜೀನಾಮೆ ಕೊಡಬೇಕಾಗುತ್ತದೆ. ಅದನ್ನು ‘ಗಣನೀಯ ಸುಧಾರಣೆ’ ಎಂದು ಪ್ರಬಂಧ ಮಾಡಿ ಪ್ರಕಟಿಸುವುದರಿಂದ ಬಡ್ತಿಗೆ ಅನುಕೂಲವಾದೀತು, ಕಲಿಕೆಯ ಅಳತೆ ಆಗದು. ತಕ್ಷಣದ ನೆನಪು ಎಷ್ಟು ಮೋಸಗಾರ ಎಂಬುದಕ್ಕೆ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚೆನ್ನಾದ ಸಾಕ್ಷಿ. ವಿದ್ಯಾರ್ಥಿಗಳು ಒಂದು ಪಾಠ ಓದಿದ ಮೇಲೆ ಒಂದು ಗುಂಪು ಅದನ್ನೇ ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ: ಶೇ 81ಕ್ಕೆ ಎದುರಾಗಿ ಶೇ 75. ವಾರದ ನಂತರ ಕೇಳಿದಾಗ ಓದಿದವರಿಗೆ ನೆನಪಿದ್ದದ್ದು ಶೇ 42, ಬರೆದು ನೋಡಿದವರಿಗೆ ಶೇ 56. ಅಳೆಯುವ ಹೊತ್ತು ಬದಲಾದರೆ ಗೆದ್ದವರೂ ಬದಲಾಗುತ್ತಾರೆ. ಎರಡನೇ ವರ್ಷದಲ್ಲಿ ಕಲಿತ ಮಲೇರಿಯಾವನ್ನು ಇಂಟರ್ನ್‌ಶಿಪ್ಪಿನಲ್ಲಿ ಮತ್ತೊಮ್ಮೆ ಕೇಳಿ ನೋಡುವ ಕಾಲೇಜು ಎಲ್ಲಿದೆ?

2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿದೆ. ಪರೋಪಜೀವಿ ಶಾಸ್ತ್ರ ಈಗ ತನ್ನದೇ ಮನೆಯಲ್ಲಿಲ್ಲ. ಮಲೇರಿಯಾ, ಆನೆಕಾಲು ರೋಗ ರಕ್ತದ ಭಾಗಕ್ಕೆ, ಅಮೀಬಾ ಮತ್ತು ಹುಳುಗಳು ಕರುಳಿನ ಭಾಗಕ್ಕೆ ಹಂಚಿಹೋಗಿವೆ. ರೋಗಿಗೆ ಬರುವುದು ಜ್ವರವೇ ಹೊರತು ಜೀವಶಾಸ್ತ್ರದ ವರ್ಗವಲ್ಲ ಎನ್ನುವ ವಾದ ನನಗೂ ಒಪ್ಪಿಗೆ. ಮಲೇರಿಯಾ, ಫೈಲೇರಿಯಾದ ಜೀವಿಯನ್ನು ವಿದ್ಯಾರ್ಥಿ ಗುರುತಿಸಿ ತೋರಿಸಬೇಕು ಎಂಬ ಮಾತೂ ಅದರಲ್ಲಿ ಸ್ಪಷ್ಟವಾಗಿದೆ. ಜಾರ್ಜ್ ಮಿಲ್ಲರ್ 1990ರಲ್ಲಿ ಹೇಳಿದ ನಾಲ್ಕು ಮೆಟ್ಟಿಲುಗಳಲ್ಲಿ, ಗೊತ್ತಿದೆ, ಹೇಗೆಂದು ಗೊತ್ತಿದೆ, ಮಾಡಿ ತೋರಿಸಬಲ್ಲ, ದಿನಾ ಮಾಡುತ್ತಾನೆ ಎಂಬುವುಗಳಲ್ಲಿ ಇದು ಮೂರನೆಯದು. ಕಾಗದದ ಮೇಲೆ ಮೂರನೆಯದು. ಲಾಗ್‌ಬುಕ್ಕಿಗೆ ಪರೀಕ್ಷೆಯ ಹಿಂದಿನ ವಾರ ಸಾಲುಸಾಲಾಗಿ ಒಂದೇ ಶಾಯಿಯಲ್ಲಿ ಸಹಿ ಬೀಳುವ ಕಡೆಗಳಲ್ಲಿ ಅದು ಮೊದಲನೆಯದಕ್ಕೇ ಇಳಿದುಬಿಡುತ್ತದೆ.

ಆನೆಕಾಲು ರೋಗವನ್ನೇ ತೆಗೆದುಕೊಳ್ಳಿ. ಕಲಬುರಗಿ, ಬೀದರ್ ಕಡೆಯ ಜಿಲ್ಲೆಗಳಿಗೆ ಇದು ಪುಸ್ತಕದ ರೋಗವಲ್ಲ. ಮೈಕ್ರೋಫೈಲೇರಿಯಾದ ಸ್ಲೈಡು ಇಟ್ಟರೆ ವಿದ್ಯಾರ್ಥಿ ‘ಹೊರಗೆ ಪೊರೆ ಇದೆ, ಬಾಲದ ತುದಿಯಲ್ಲಿ ನ್ಯೂಕ್ಲಿಯಸ್ ಇಲ್ಲ, ವುಚೆರೇರಿಯಾ ಬ್ಯಾಂಕ್ರಾಫ್ಟಿ’ ಎಂದು ಪಟಪಟ ಬರೆಯುತ್ತಾನೆ. ಅವನನ್ನೇ ‘ಬೆಳಿಗ್ಗೆ ಹನ್ನೊಂದಕ್ಕೆ ತೆಗೆದ ರಕ್ತದಲ್ಲಿ ಏನೂ ಕಾಣಲಿಲ್ಲ, ಈಗೇನು ಮಾಡುತ್ತೀಯ?’ ಎಂದು ಕೇಳಿ. ಆ ಮರಿಗಳು ಹಗಲು ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿದ್ದು ರಾತ್ರಿ ಹೊರಗಿನ ರಕ್ತಕ್ಕೆ ಬರುತ್ತವೆ, ಅದಕ್ಕೇ ಸರ್ವೆಯವರು ರಾತ್ರಿ ಮನೆಮನೆಗೆ ಹೋಗಿ ಬೆರಳು ಚುಚ್ಚುವುದು. ಇಷ್ಟನ್ನು ಅವನು ಹೇಳದಿದ್ದರೆ ಬಾಲದ ನ್ಯೂಕ್ಲಿಯಸ್ ಕಟ್ಟಿಕೊಂಡು ಏನು ಪ್ರಯೋಜನ? ಮಲೇರಿಯಾ ಕಿಟ್ಟಿನ ವಿಷಯದಲ್ಲೂ ಹೀಗೆಯೇ. ಎರಡು ವಾರದ ಹಿಂದೆ ಫಾಲ್ಸಿಪ್ಯಾರಂಗೆ ಪೂರ್ತಿ ಚಿಕಿತ್ಸೆ ಪಡೆದವನಿಗೆ ಕಿಟ್ ಇನ್ನೂ ಪಾಸಿಟಿವ್, ಸ್ಲೈಡು ನೆಗೆಟಿವ್. ಮತ್ತೆ ಮಾತ್ರೆ ಕೊಡುವುದೇ? ಕಿಟ್ ಹಿಡಿಯುವ ಪ್ರೊಟೀನು ಪರೋಪಜೀವಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ ಎಂದು ತಿಳಿದವನು ಕೊಡುವುದಿಲ್ಲ. ಈ ಪ್ರಶ್ನೆಗೆ ಮೈಕ್ರೋಸ್ಕೋಪೂ ಬೇಡ.

ಇನ್ನೊಂದು ಗೊಂದಲ ಯಾರನ್ನು ಅಳೆಯುತ್ತಿದ್ದೇವೆ ಎಂಬುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಲೈಡು ನೋಡುವವರು ಡಾಕ್ಟರಲ್ಲ, ಲ್ಯಾಬ್ ಟೆಕ್ನೀಷಿಯನ್. ಡಾಕ್ಟರಿಗೆ ಬೇಕಾದದ್ದು ಯಾವ ಪರೀಕ್ಷೆ, ಯಾವಾಗ, ಬಂದ ವರದಿಯನ್ನು ಎಷ್ಟು ನಂಬಬೇಕು ಎನ್ನುವುದು. ನರ್ಸಿಂಗ್ ವಿದ್ಯಾರ್ಥಿನಿಗೆ ಬೇಕಾದದ್ದು ಮಲದ ಸ್ಯಾಂಪಲ್ಲಿಗೆ ಮೂತ್ರ ಸೇರಬಾರದೆಂದು ರೋಗಿಗೆ ಬಿಡಿಸಿ ಹೇಳುವುದು, ಡಬ್ಬಿ ಮಧ್ಯಾಹ್ನದವರೆಗೆ ಕಿಟಕಿಯಲ್ಲಿ ಕೂರದಂತೆ ನೋಡಿಕೊಳ್ಳುವುದು. ಹುಡುಕುವ ಕಣ್ಣು ಬೇಕಾದದ್ದು ಟೆಕ್ನೀಷಿಯನ್ನಿಗೆ. ಮೂವರಿಗೂ ಹೆಚ್ಚುಕಮ್ಮಿ ಒಂದೇ ಬಗೆಯ ಸ್ಪಾಟರ್ ಇಟ್ಟರೆ ಮೂವರಲ್ಲಿ ಯಾರ ಕೆಲಸವೂ ಅಳತೆಗೆ ಸಿಗುವುದಿಲ್ಲ.

ಹುಡುಕುವ ಕಣ್ಣನ್ನು ಹೇಗೆ ಅಳೆಯಬೇಕೆಂದು ಮಲೇರಿಯಾದವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಮೈಕ್ರೋಸ್ಕೋಪಿಸ್ಟರಿಗೆ ವಿಶ್ವ ಆರೋಗ್ಯ ಸಂಸ್ಥೆ ನಡೆಸುವ ಪರೀಕ್ಷೆಯಲ್ಲಿ ಐವತ್ತಕ್ಕೂ ಹೆಚ್ಚು ಸ್ಲೈಡುಗಳು. ನೆಗೆಟಿವ್‌ಗಳನ್ನು ಬೇಕೆಂದೇ ಬೆರೆಸಿರುತ್ತಾರೆ, ಕಣ್ಣಿಗೆ ಬೀಳದಷ್ಟು ಕಡಿಮೆ ಪರೋಪಜೀವಿ ಇರುವವೂ ಇರುತ್ತವೆ. ಕೇಳುವುದು ಮೂರೇ: ಇದೆಯೋ ಇಲ್ಲವೋ, ಇದ್ದರೆ ಯಾವ ಜಾತಿ, ಎಷ್ಟು. ಎಣಿಕೆಗೆ 200 ಬಿಳಿ ಕಣ ಎಣಿಸುವಷ್ಟರಲ್ಲಿ ಕಂಡ ಪರೋಪಜೀವಿಗಳನ್ನು ಲೆಕ್ಕ ಹಾಕಿ, ಒಂದು ಮೈಕ್ರೋಲೀಟರ್ ರಕ್ತಕ್ಕೆ 8,000 ಬಿಳಿ ಕಣ ಎಂದು ಹಿಡಿದು ಗುಣಿಸುತ್ತಾರೆ. ಐವತ್ತು ಕಂಡರೆ 2,000. ಮೊದಲ ದರ್ಜೆ ಬೇಕೆಂದರೆ ಮೊದಲ ಎರಡರಲ್ಲೂ ಶೇ 90 ಸರಿ ಇರಬೇಕು. ಎಣಿಕೆಯಲ್ಲಿ ಅರ್ಧದಷ್ಟು ಸ್ಲೈಡುಗಳಲ್ಲಾದರೂ ನಿಜದ ಸಂಖ್ಯೆಗೆ ಕಾಲುಭಾಗದ ಆಚೀಚೆ ಬರಬೇಕು. ಎಣಿಕೆಗೆ ಬರೀ ಅರ್ಧ ಸಾಕೆಂದದ್ದು ಉದಾರತನವಲ್ಲ, ಅದು ಅಷ್ಟು ಕಷ್ಟ.

ಎಂಬಿಬಿಎಸ್ ಎರಡನೇ ವರ್ಷದವರಿಗೆ ಇಷ್ಟು ಬೇಡ. ಹತ್ತು ಸ್ಪಾಟರಿನಲ್ಲಿ ಮೂರು ನೆಗೆಟಿವ್ ಇಡಲಿ, ಎಷ್ಟೆಂದು ಮೊದಲೇ ಹೇಳದಿರಲಿ. ಒಂದರಲ್ಲಿ ಪ್ಲೇಟ್‌ಲೆಟ್, ಒಂದರಲ್ಲಿ ಪರಾಗ ಇರಲಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಕೊರತೆ ಇರುವುದು ಪಾಸಿಟಿವ್ ಸ್ಲೈಡುಗಳದ್ದು. 2001ರಲ್ಲಿ ಭಾರತದಲ್ಲಿ 20 ಲಕ್ಷ ದಾಟಿದ್ದ ಮಲೇರಿಯಾ ಪ್ರಕರಣಗಳು 2020ರಲ್ಲಿ ಎರಡು ಲಕ್ಷಕ್ಕೂ ಕೆಳಗಿಳಿದವು. ಮಂಗಳೂರಿನಲ್ಲಿ ಓದಿದವರಿಗೆ ಮಲೇರಿಯಾ ಹೊಸದಲ್ಲ. ಕಟ್ಟಡ ಕೆಲಸದ ಆ ಊರು ವರ್ಷಗಟ್ಟಲೆ ರಾಜ್ಯದ ಮಲೇರಿಯಾ ಲೆಕ್ಕದ ದೊಡ್ಡ ಪಾಲನ್ನು ಹೊತ್ತಿತ್ತು. ಬಯಲುಸೀಮೆಯ ಎಷ್ಟೋ ಕಾಲೇಜುಗಳ ಮಕ್ಕಳು ಹೊಸದಾಗಿ ಬಣ್ಣ ಹಾಕಿದ ಒಂದು ವೈವ್ಯಾಕ್ಸನ್ನೂ ನೋಡದೆ ಡಾಕ್ಟರಾಗುತ್ತಾರೆ. ನಾರುಹುಣ್ಣಿನ ಹುಳು ಜಾಡಿಯಲ್ಲಷ್ಟೇ ಉಳಿದಿದೆ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಿಂದ ಅದು ಹೋಗಿ, 2000ದಲ್ಲಿ ದೇಶವೇ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಅದಕ್ಕೆ ಯಾರೂ ಅಳಬೇಕಾಗಿಲ್ಲ. ಉಳಿದವಕ್ಕೆ ಡಿಜಿಟಲ್ ಸ್ಲೈಡು ಒಂದು ಪರಿಹಾರ. ಆದರೆ ಪರದೆಯ ಮೇಲೆ ಬರುವುದು ಹೆಚ್ಚಾಗಿ ಒಂದೇ ಆಳದ ಚಿತ್ರ. ಫೈನ್ ಫೋಕಸ್ ಹಿಂದೆ ಮುಂದೆ ತಿರುಗಿಸಿ, ಈ ಚುಕ್ಕೆ ಕಣದ ಒಳಗಿದೆಯೋ ಮೇಲೆ ಕೂತ ಬಣ್ಣದ ಕೊಳೆಯೋ ಎಂದು ತೀರ್ಮಾನಿಸುವ ಬೆರಳಿಗೆ ಅಲ್ಲಿ ಕೆಲಸವಿಲ್ಲ. ಬೇರೆ ಬೇರೆ ಆಳದಲ್ಲಿ ತೆಗೆದ ಚಿತ್ರಗಳನ್ನು ಒಟ್ಟು ಪೇರಿಸುವ ತಂತ್ರ ಇದೆ, ಫೈಲು ಭಾರ, ಬೆಲೆಯೂ ಭಾರ.

ರೋಗ ಕಡಿಮೆಯಾದಷ್ಟೂ ಅಳತೆ ಕಠಿಣವಾಗಬೇಕು ಎನ್ನುವುದು ಶ್ರೀಲಂಕಾದವರಿಗೆ ಗೊತ್ತಾಗಿದೆ. ಅಲ್ಲಿ ಸ್ಥಳೀಯವಾಗಿ ಹರಡಿದ ಕೊನೆಯ ಮಲೇರಿಯಾ ಪ್ರಕರಣ ಕಂಡದ್ದು 2012ರಲ್ಲಿ. 2016ರ ಸೆಪ್ಟೆಂಬರಿನಲ್ಲಿ ಮಲೇರಿಯಾ ಮುಕ್ತ ದೇಶವೆಂಬ ಪ್ರಮಾಣಪತ್ರವೂ ಸಿಕ್ಕಿತು. ಆಫ್ರಿಕಾದಿಂದ, ಭಾರತದಿಂದ ಮರಳುವವರ ರಕ್ತದಲ್ಲಿ ಅದು ಈಗಲೂ ವರ್ಷವರ್ಷ ಬಂದಿಳಿಯುತ್ತದೆ. ಆಗ ಜ್ವರ ನೋಡಿದ ಡಾಕ್ಟರಿಗೆ ಮೊದಲು ಹೊಳೆಯುವುದು ಡೆಂಗಿ. ಆದ್ದರಿಂದ ಅಲ್ಲಿನ ಮಲೇರಿಯಾ ವಿರೋಧಿ ಆಂದೋಲನ ಬಾಗಿಲು ಹಾಕಿಕೊಂಡು ಹೋಗಿಲ್ಲ, ಟೆಕ್ನೀಷಿಯನ್ನರು ಸ್ಲೈಡು ನೋಡುವುದನ್ನೂ ಬಿಟ್ಟಿಲ್ಲ. ಭಾರತದ ಗುರಿ 2030. ಅಷ್ಟರಲ್ಲಿ ಈಗ ಎರಡನೇ ವರ್ಷದಲ್ಲಿರುವವರು ಆರೋಗ್ಯ ಕೇಂದ್ರಗಳಲ್ಲಿ ಕೂತಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮೈಕ್ರೋಸ್ಕೋಪಿಸ್ಟರಿಗೆ ಕೊಡುವ ದರ್ಜೆಯ ಆಯುಷ್ಯ ಮೂರು ವರ್ಷ, ಆಮೇಲೆ ಮತ್ತೆ ಪರೀಕ್ಷೆಗೆ ಕೂರಬೇಕು. ನಮ್ಮ ವಿದ್ಯಾರ್ಥಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಬಂದ ಅಂಕ ನಿವೃತ್ತಿಯವರೆಗೂ ಚಾಲ್ತಿಯಲ್ಲಿರುತ್ತದೆ.